ಮುಳ್ಳಿಲ್ಲದ ಗಾಳ

ನಮ್ಮ ಭಾವ ಮೂರು ವರ್ಷ ಶಾಂತಸಾಗರದಲ್ಲಿ ಗಾಳ ಹಾಕಿದರು. ಅಷ್ಟು ಕಾಲದಲ್ಲಿ ನೀರಿನ ಮೇಲೆ ಅವರಿಂದ ಅಮೆರಿಕದ ಒಂದೇ ಒಂದು ಕಾನೂನಿಗೂ ತೊಂದರೆಯಾಗಲಿಲ್ಲ. ಸಾಲ್ಮನ್ ಮೀನುಗಳಿಗೂ ಹೆಚ್ಚುಕಡಿಮೆ ಅಷ್ಟೇ!

ಭಾವ ಎಂದರೆ ನನ್ನಕ್ಕನ ಗಂಡ. ಊರು ಉಡುಪಿ ಕಡೆ, ವಾಸ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟು, ಕೆಲಸ ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುವ ಕಂಪನಿಯಲ್ಲಿ. ಆಗ ಅದೂ ಒಂದು ಕೆಲಸವಾಗಿತ್ತು, ಕೇಳಬೇಡಿ. ಶನಿವಾರ ಬಂತೆಂದರೆ ಕಾರಿನ ನೆತ್ತಿಗೆ ಹಳದಿ ಕಯಾಕು ಬಿಗಿಯುವುದು; ಒಬ್ಬನೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿ ಅದು, ದೂರದಿಂದ ನೋಡಿದರೆ ಥೇಟು ಬಾಳೆಹಣ್ಣು. ಲಾಸ್ ಗ್ಯಾಟೋಸ್ ದಾಟಿ, ಬೆಟ್ಟವಿಳಿದು, ಮಂಜು ಕವಿದ ಸಮುದ್ರಕ್ಕೆ ಭಾವ ಇಳಿಯುವುದು. ಅವರ ಮನೆಯಲ್ಲೇ ಉಳಿದು ಓದುತ್ತಿದ್ದ, ಈಜು ಬಾರದ ನಾನು ದಡದಲ್ಲಿ ಜಾಕೆಟ್ಟಿನೊಳಗೆ ನಡುಗುವುದು.

ಕಾರು ಓಡಿಸುವಾಗ ಮಾತ್ರ ಭಾವ ರಾಕ್ಷಸ. ಫ್ರೀವೇಯಲ್ಲಿ ಎರಡು ಸಲ ಪೊಲೀಸರು ಹಿಡಿದು ಟಿಕೆಟು ಕೊಟ್ಟಿದ್ದರು. ಅಂಥವರು ನೀರಿಗಿಳಿದರೆ ಮಹರ್ಷಿ! ಇದರ ರಹಸ್ಯ ಅವರ ಗ್ರೀನ್ ಕಾರ್ಡಿನ ಅರ್ಜಿಯಲ್ಲಿತ್ತು. ಎಂದಾದರೂ, ಎಲ್ಲಾದರೂ, ಕಾನೂನು ಮುರಿದು ದಂಡ ತೆತ್ತಿದ್ದೀರಾ ಎಂದು ಅದರಲ್ಲೊಂದು ಪ್ರಶ್ನೆ. ಬಾಲದಲ್ಲಿ ಮೂರು ಪದ: ಟ್ರಾಫಿಕ್ ತಪ್ಪುಗಳನ್ನು ಬಿಟ್ಟು.

“ಟ್ರಾಫಿಕ್ ಬಿಟ್ಟು ಅಂತ ಉಂಟು ಸರಿ. ಮೀನು ಬಿಟ್ಟು ಅಂತ ಎಲ್ಲಿಯಾದ್ರೂ ಉಂಟಾ ಮಾರಾಯ?” ಎಂದು ಭಾವ ಬೆರಳಿಟ್ಟು ತೋರಿಸಿದರು. ಇರಲಿಲ್ಲ.

ಅಲ್ಲಿಂದ ಶುರುವಾಯಿತು ಮೀನುಗಾರಿಕೆಯ ನಿಯಮಾವಳಿಯ ಪಾರಾಯಣ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳೊಂದಿರುತ್ತದಲ್ಲ, ಕಚ್ಚಿದ ಮೀನು ಜಾರದ ಹಾಗೆ? ಸಾಲ್ಮನ್ ಹಿಡಿಯುವ ಗಾಳಕ್ಕೆ ಅದು ನಿಷಿದ್ಧ. ತಳದ ಬಂಡೆಗಳ ನಡುವಿನ ಕೆಂಪು ಮೀನಿಗಾದರೆ ಮುಳ್ಳು ನಡೆಯುತ್ತದೆ. ಆದರೆ ದೋಣಿಗೆ ಒಂದು ಸಾಲ್ಮನ್ ಬಂದು ಬಿತ್ತೋ, ಆಮೇಲೆ ಬಂಡೆಮೀನಿಗೂ ಮುಳ್ಳಿಲ್ಲದ ಗಾಳವೇ. ಮಡಿಯಲ್ಲಿರುವ ಅಜ್ಜಿಯೊಬ್ಬಳು ಮನೆಗೆ ಬಂದರೆ ಮನೆಯವರೆಲ್ಲ ಮಡಿಯಾಗಬೇಕಲ್ಲ, ಹಾಗೆ!

ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಬೇಕು. ಪೂರ್ತಿ ಹೋಯಿತೇ ಎಂದು ತಿಳಿಯಲು ಹತ್ತಿಬಟ್ಟೆಗೆ ಚುಚ್ಚಿ ಎಳೆಯಬೇಕು. ಮನೆಯಲ್ಲಿ ಶುದ್ಧ ಹತ್ತಿ ಯಾವುದಿದೆ? ಅಕ್ಕನ ಸೀರೆ.

“ಎಂತದಿದು! ನನ್ನ ಸೀರೆ ಎಂತ ಬಲೆಯಾ?” ಅಕ್ಕ ಕೂಗಿದಳು.

“ಸಿಕ್ಕಿಕೊಂಡಿತಾ?”

“ಸಿಕ್ಕಿಕೊಳ್ಳದೆ? ದಾರವೇ ಎದ್ದು ಬಂತು!”

“ಒಳ್ಳೇದಾಯ್ತು. ಇನ್ನೂ ಸ್ವಲ್ಪ ಒತ್ತಬೇಕು.”

ಲೈಸೆನ್ಸನ್ನು ಸೊಂಟದಿಂದ ಮೇಲೆ, ಕಾಣುವಂತೆ ಧರಿಸಬೇಕೆಂಬುದು ಇನ್ನೊಂದು ನಿಯಮ. ಒಮ್ಮೆ ಸಮುದ್ರದಿಂದ ನೇರ ಕ್ಯುಪರ್ಟಿನೋದ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೋದೆವು. ಭಾವ ದಡದ ನಲ್ಲಿಯಲ್ಲೇ ಸ್ನಾನ ಮಾಡಿದ್ದರು, ಅಂಗಿ ಬದಲಿಸಿದ್ದರು. ಆದರೆ ಅಭ್ಯಾಸಬಲ, ಹೊಸ ಅಂಗಿಗೂ ಲೈಸೆನ್ಸು ಪಿನ್ನು ಮಾಡಿಕೊಂಡುಬಿಟ್ಟಿದ್ದರು. ಸಂಕಲ್ಪಕ್ಕೆ ಬಂದ ಭಟ್ಟರು ಭಾವನ ಎದೆಯನ್ನು ಗಂಭೀರವಾಗಿ ಓದಿ, “ಹೆಸರು ಗೊತ್ತಾಯ್ತು, ಗೋತ್ರ ಹೇಳಿ” ಎಂದರು!

ನಗುವುದಕ್ಕೆ ಸಿಕ್ಕಿದ್ದು ಅಷ್ಟೇ ದಿನ. ಒಂದು ಸೋಮವಾರ ಆಫೀಸಿನ ಬಾಗಿಲು ಭಾವನ ಬ್ಯಾಡ್ಜಿಗೆ ತೆರೆಯಲಿಲ್ಲ. ಒಳಗೆ ಹೂಕುಂಡಗಳಿದ್ದವು, ಕಂಪನಿ ಇರಲಿಲ್ಲ. ಕಂಪನಿ ಸತ್ತರೆ ಅದು ಭಾವನ ಪರವಾಗಿ ಹಾಕಿದ ಗ್ರೀನ್ ಕಾರ್ಡಿನ ಅರ್ಜಿಯೂ ಸತ್ತ ಹಾಗೆ ಎಂದು ವಕೀಲರು ಫೋನಿನಲ್ಲಿ ತಿಳಿಸಿದರು. ವೀಸಾ ಕೂಡ ಅದರ ಹಿಂದೆಯೇ ಹೋಯಿತು. ಅಕ್ಕ ಗ್ರೋಸರಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ಪಾತ್ರೆ ತುಂಬತೊಡಗಿದಳು. ಭಾವ ಪೆಟ್ಟಿಗೆಗಳಿಗೆ ಟೇಪು ಹಚ್ಚಿದರು, ನೇರವಾಗಿ, ಎಲ್ಲೂ ಸುಕ್ಕಿಲ್ಲದಂತೆ.

ಹೊರಡುವ ಮುಂಚಿನ ಕೊನೆಯ ಶನಿವಾರ ಮತ್ತೆ ಕಯಾಕು ಕಟ್ಟಿದೆವು. ದಡದಲ್ಲಿ ಕೂತು ಭಾವ ಇಕ್ಕಳ ತೆಗೆದರು.

“ಇವತ್ತಾದ್ರೂ ಅದನ್ನ ಬಿಡಿ ಭಾವ. ಇನ್ನು ಯಾವ ಫಾರಮ್ಮಿಗೆ?” ಎಂದೆ.

ಅವರು ಗಾಳಗಳನ್ನು ಒಂದೊಂದಾಗಿ ಒತ್ತಿ, ಮಂಜಿನೊಳಗೆ ಹೊರಟುಹೋದರು.

ತಿರುಗಿ ಬಂದಾಗ ಕಯಾಕಿನಲ್ಲಿ ಸಾಲ್ಮನ್ ಇತ್ತು. ಮೂರು ವರ್ಷಕ್ಕೆ ಮೊದಲನೆಯದು, ಬೆಳ್ಳಿಯಂಥದ್ದು! ಅದನ್ನು ಎತ್ತಿ ತೋರಿಸುವ ಮೊದಲೇ ಮರಳಿನ ಮೇಲೆ ವಾರ್ಡನ್ ಬಂದಳು, ಮೀನುಗಾರರನ್ನು ತಪಾಸಣೆ ಮಾಡುವ ಅಧಿಕಾರಿ. ಮೂರು ವರ್ಷದಲ್ಲಿ ಅವಳಂಥವರೂ ಇದೇ ಮೊದಲು. ಲೈಸೆನ್ಸು ನೋಡಿದಳು, ಮೀನು ಅಳೆದಳು, ಪ್ರತಿ ಗಾಳವನ್ನೂ ಬಟ್ಟೆಗೆ ಚುಚ್ಚಿ ಎಳೆದಳು. ಯಾವುದೂ ಸಿಕ್ಕಿಕೊಳ್ಳಲಿಲ್ಲ. ಎಲ್ಲ ಸರಿಯಿದೆ ಸರ್ ಎಂದು ಹೊರಟಳು.

ಭಾವ ಹಿಂದಿನಿಂದ ಕರೆದು ಇಂಗ್ಲಿಷಿನಲ್ಲಿ ಕೇಳಿದರು: “ಅದನ್ನು ಸ್ವಲ್ಪ ಬರೆದುಕೊಡುತ್ತೀರಾ?”

ಅವಳು ನಕ್ಕಳು. “ತಪ್ಪು ಮಾಡಿದವರಿಗಷ್ಟೇ ಸರ್ ನಾವು ಬರೆದುಕೊಡುವುದು.”

ಭಾವ ನಗಲಿಲ್ಲ. “ಗುರುವಾರ ಈ ದೇಶ ಬಿಡುತ್ತಿದ್ದೇವೆ. ಇಲ್ಲಿದ್ದಷ್ಟು ದಿನ ಸರಿಯಾಗಿಯೇ ಇದ್ದೆ ಅಂತ ಒಂದು ಕಾಗದ...” ಎಂದರು. ಮುಂದಕ್ಕೆ ಅವರ ಇಂಗ್ಲಿಷು ಸಾಲಲಿಲ್ಲ.

ಅವಳು ಜೇಬಿನಿಂದ ದಂಡದ ಪುಸ್ತಕ ತೆಗೆದು, ಒಂದು ಹಾಳೆ ಹರಿದು ಮಗುಚಿ, ಜೀಪಿನ ಬಾನೆಟ್ಟಿನ ಮೇಲಿಟ್ಟು ಬರೆದು, ಸಹಿ ಹಾಕಿ ಕೊಟ್ಟಳು. ಭಾವನ ಕನ್ನಡಕದ ತುಂಬ ಉಪ್ಪುನೀರು. ಕಾಗದವನ್ನು ನನಗೆ ಚಾಚಿದರು.

“ಎಂತ ಬರ್ದಿದ್ದಾಳೆ, ಓದು ಮಾರಾಯ.”

ಓದಿದೆ. ಪರೀಕ್ಷಿಸಲಾಗಿದೆ, ಯಾವ ತಪ್ಪೂ ಕಂಡುಬಂದಿಲ್ಲ. ಒಂದೇ ಸಾಲು.

“ಇನ್ನೊಮ್ಮೆ ಓದು,” ಎಂದರು ಭಾವ. “ನಿಧಾನಕ್ಕೆ.”