ನನ್ನನ್ನು ಬೇಡವೆಂದ ಗಂಡಿನ ಉಪಕಾರ

ಉಪಕಾರ ಮಾಡಿದವರನ್ನು ಮರೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಅನ್ನ ಹಾಕಿದವರು, ಓದಿಸಿದವರು, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದುಕೊಟ್ಟವರು, ಇವರನ್ನೆಲ್ಲ ನೆನೆಯಲು ಯಾರ ಅಡ್ಡಿಯೂ ಇಲ್ಲ. ನನ್ನ ಕಷ್ಟವೇ ಬೇರೆ. ನನಗೆ ಬದುಕಿನಲ್ಲಿ ದೊಡ್ಡ ಉಪಕಾರ ಮಾಡಿದವನು ನಮ್ಮ ಮನೆಯ ಉಪ್ಪಿಟ್ಟು, ಕೇಸರಿಬಾತು ತಿಂದು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ತುಂಬಿದ ಮನೆಯಲ್ಲಿ ‘ಈ ಹುಡುಗಿ ಬೇಡ’ ಎಂದು ಎದ್ದು ಹೋದವನು. ಅಂಥವನನ್ನು ಯಾವ ಮುಖ ಇಟ್ಟುಕೊಂಡು ನೆನೆಯುವುದು?

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನಾನು ಮಾಗಡಿ ಹತ್ತಿರದ ನಮ್ಮೂರಿನಿಂದ ದಿನವೂ ಬಸ್ಸಿನಲ್ಲಿ ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಹೋಗಿ ಬರುತ್ತಿದ್ದೆ. ಓದುತ್ತಿದ್ದ ಎಂ.ಎ.ಯ ವಿಷಯ ‘ಅಂತರರಾಷ್ಟ್ರೀಯ ಸಂಬಂಧಗಳು’, ಜೊತೆಗೆ ಜಪಾನಿ ಭಾಷೆ. ಈ ಸುದ್ದಿ ಕೇಳಿದ ದಿನ ಜಗುಲಿಯ ಮೇಲೆ ಮಲಗಿದ್ದ ನಮ್ಮ ದೊಡ್ಡಪ್ಪ ಧಡಕ್ಕನೆ ಎದ್ದು ಕುಳಿತರು.

“ಸಂಬಂಧ ನೋಡೋಕೆ ಕಾಲೇಜಿಗ್ ಯಾಕವ್ವ ಹೋಗ್ಬೇಕು? ನಾನ್ ಸತ್ತೋಗಿದ್ದೀನಾ? ಅದೂ ಫಾರಿನ್ ಸಂಬಂಧ! ನಮ್ ತಾಲ್ಲೂಕ್ನಾಗೆ ಗಂಡುಗಳಿಗೇನ್ ಬರ ಬಂದೈತಾ?”

“ಆ ಸಂಬಂಧ ಅಲ್ಲ ದೊಡ್ಡಪ್ಪ. ದೇಶ ದೇಶಗಳ ನಡುವಿನದು. ಜಗಳ, ಮುನಿಸು, ಮಾತುಕತೆ, ಒಪ್ಪಂದ...”

“ಬೀಗರ ಮಧ್ಯಾನೂ ಅದೇ ಕಣವ್ವ ಇರಾದು,” ಎಂದು ಅವರು ಮತ್ತೆ ಮಲಗಿದರು.

ಅಪ್ಪ ಮಾತ್ರ ತೆಂಗಿನಕಾಯಿ ಸುಲಿಯುತ್ತಾ, “ಓದ್ಲಿ ಬುಡಣ್ಣ,” ಎಂದಿದ್ದರು. ಅಪ್ಪನ ಮಾತು ಯಾವತ್ತೂ ಅಷ್ಟೇ ಉದ್ದ. ಆ ಎರಡು ಮಾತಿನ ಬಲದ ಮೇಲೆ ನಾನು ಒಂದು ವರ್ಷ ಓದಿದೆ. ಜಪಾನಿಗೆ ಒಂದಲ್ಲ, ಮೂರು ಲಿಪಿಗಳಿವೆ ಎಂದು ಗೊತ್ತಾದ ದಿನ ಬಸ್ಸಿನಲ್ಲೇ ಅತ್ತಿದ್ದೆ. ಕ್ರಮೇಣ ಅದರ ರುಚಿ ಹತ್ತಿತು. ತಾವರೆಕೆರೆ ದಾಟುವಷ್ಟರಲ್ಲಿ ಕಿಟಕಿಯ ಮೇಲಿನ ಧೂಳಿನಲ್ಲಿ ಬೆರಳಿಂದ ಅಕ್ಷರ ತಿದ್ದುವುದು ನನ್ನ ದಿನಚರಿಯಾಯಿತು. ಬದುಕಿನಲ್ಲಿ ಮೊದಲ ಬಾರಿಗೆ, ಇದು ನನ್ನದು ಎನ್ನುವಂಥದ್ದೊಂದು ನನ್ನ ಕೈಗೆ ಸಿಕ್ಕಿತ್ತು.

ಆಗಲೇ ದೊಡ್ಡಪ್ಪ ಕನಕಪುರದ ಆಚೆಯಿಂದ ಒಂದು ಸಂಬಂಧ ತಂದರು, ಪೂರಾ ಸ್ವದೇಶಿ. ಹುಡುಗನ ಹೆಸರು ನಂಜುಂಡ ಎಂದಿಟ್ಟುಕೊಳ್ಳಿ. ಬಿಡದಿ ಕಡೆಯ ಕಾರ್ಖಾನೆಯಲ್ಲಿ ಕೆಲಸ, ಊರಲ್ಲಿ ಜಮೀನು, ಹಣೆಯ ಮೇಲೆ ಸದಾ ಬೆವರು. ಒಂದು ವ್ಯಾನು ತುಂಬ ಜನ ಬಂದರು. ಹುಡುಗನ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅದೇನೋ ಜಪಾನು ಮಾತು ಕಲ್ತಿದ್ದೀಯಂತೆ, ಒಸಿ ಏಳವ್ವ ಕೇಳಾನ,” ಎಂದರು.

ಹಾಡು ಹೇಳು ಎಂದಿದ್ದರೆ ಸಿದ್ಧವಿದ್ದೆ. ಇದಕ್ಕಿರಲಿಲ್ಲ. ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿ ಒಂದೇ ವಾಕ್ಯ ಉಳಿದಿತ್ತು. ಕಣ್ಣು ಮುಚ್ಚಿ, “ಸುಮಿಮಾಸೆನ್, ಎಕಿ ವಾ ದೋಕೊ ದೆಸ್ ಕಾ?” ಎಂದೆ. ಅಜ್ಜಿ ಭಕ್ತಿಯಿಂದ ಕೈ ಮುಗಿದರು.

“ಅಂಗಂದ್ರೆ ಏನವ್ವ?”

“ಕ್ಷಮಿಸಿ, ರೈಲ್ವೆ ಸ್ಟೇಷನ್ ಎಲ್ಲಿದೆ ಅಂತ ಅಜ್ಜಿ.”

ಅಜ್ಜಿ ಯೋಚಿಸಿದರು. “ಮಾಗಡಿಗೆ ಇನ್ನೂ ರೈಲೇ ಬಂದಿಲ್ವಲ್ಲ ಮಗಾ!”

ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ನಗುವಿನಲ್ಲೇ ಹುಡುಗನ ತಂದೆ, ಹುಡುಗಿ ಒಪ್ಪಿಗೆ, ಮದುವೆ ಈ ಶ್ರಾವಣದಲ್ಲೇ ಆಗಲಿ, ಓದು ಇಲ್ಲಿಗೆ ಸಾಕು ಎಂದುಬಿಟ್ಟರು. ನನ್ನ ನಗು ಅಲ್ಲೇ ನಿಂತಿತು. ಅಪ್ಪ ನೆಲ ನೋಡುತ್ತಿದ್ದರು. ಸ್ವಂತ ಅಣ್ಣ ತಂದ ಸಂಬಂಧ, ಎದುರಾಡುವಂತಿರಲಿಲ್ಲ.

ದೊಡ್ಡಪ್ಪ ಉದಾರವಾಗಿ, “ಈಗಿನ್ ಕಾಲದ್ ಮಕ್ಳು, ಒಸಿ ಮಾತಾಡ್ಕಳ್ಲಿ ಬುಡಿ,” ಎಂದು ನಮ್ಮಿಬ್ಬರನ್ನೂ ಎಲ್ಲರಿಗೂ ಕಾಣುವ ಹಾಗೆ ಹಿತ್ತಲಿನ ಹಲಸಿನ ಮರದಡಿ ನಿಲ್ಲಿಸಿದರು. ನಂಜುಂಡ ಬೆವರು ಒರೆಸಿಕೊಂಡು ಕೇಳಿದ:

“ಓದು ಬುಡೋಕೆ ನಿಮ್ಗೆ ಇಷ್ಟ ಐತಾ?”

ಬಲಿಷ್ಠ ದೇಶದ ಎದುರು ಸಣ್ಣ ದೇಶ ಹೇಗೆ ನಿಲ್ಲಬೇಕು ಎಂದು ಪುಟಗಟ್ಟಲೆ ಉತ್ತರ ಬರೆದಿದ್ದವಳು ನಾನು. ಬಾಯಿಂದ ಒಂದಕ್ಷರ ಬರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು.

ಅವನು ಹಲಸಿನ ಮರದ ಕಡೆ ತಿರುಗಿದ. “ನಮ್ಮಕ್ಕನ್ನೂ ಹಿಂಗೇ ಟೀಚರ್ ಟ್ರೈನಿಂಗ್ ಮಧ್ಯದಾಗೆ ಬುಡ್ಸಿ ಮದ್ವೆ ಮಾಡುದ್ರು. ಇವತ್ಗೂ ಒಲೆ ಮುಂದೆ ಕುಂತ್ಕಂಡು ಅದ್ನೇ ಅಂತಾಳೆ. ನೀವ್ ಬ್ಯಾಡ ಅಂದ್ರೆ ಎಲ್ಲ ನಿಮ್ಮಪ್ಪನ್ ಮ್ಯಾಲ್ ಬೀಳ್ತಾರೆ. ನಾನೇ ಬ್ಯಾಡ ಅಂತೀನಿ ಬುಡಿ. ನೀವ್ ಓದ್ಕಳಿ.”

ಒಳಗೆ ಹೋದವನೇ, “ಹುಡುಗಿಗೆ ಬಾಯಿ ಜಾಸ್ತಿ. ನಂಗ್ ಒಪ್ಪಿಗೆ ಇಲ್ಲ,” ಎಂದ. ಹಲಸಿನ ಮರದಡಿ ನಾನು ಬಾಯಿಯನ್ನೇ ತೆರೆದಿರಲಿಲ್ಲ! ಅವರಪ್ಪ ಹಲ್ಲು ಕಡಿದರು. ಅಜ್ಜಿ, “ಲೇ, ರೈಲಿಗೆ ದಾರಿ ಕೇಳಿದ್ದಕ್ಕೆ ಬಾಯಿ ಜಾಸ್ತಿ ಅಂತೀಯೇನ್ಲಾ?” ಎಂದು ನನ್ನ ಪರವಾಗಿ ವಾದಿಸಿದರು. ಅವನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಾ ವ್ಯಾನು ಹತ್ತಿದ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ದೊಡ್ಡಪ್ಪನ ಸಿಟ್ಟೆಲ್ಲ ಗಂಡಿನ ಕಡೆಯವರ ಮೇಲೆ ತಿರುಗಿತು: “ನಮ್ ಹುಡ್ಗೀನ ಬ್ಯಾಡ ಅಂತಾನಾ? ಅವ್ನು ಬಾಯ್ ಬುಟ್ಕಂಡ್ ನೋಡಂಗೆ ಓದವ್ವ ನೀನು!”

ಹೀಗೆ, ಓದು ನಿಲ್ಲಿಸಲು ಹೊರಟವರೇ ಓದಿಸತೊಡಗಿದರು. ಬಾಯಿ ಜೋರು ಎಂಬ ಖ್ಯಾತಿ ಮಾಗಡಿ, ಕನಕಪುರ, ರಾಮನಗರಗಳಿಗೆಲ್ಲ ಹಬ್ಬಿ, ಪದವಿ ಮುಗಿಯುವವರೆಗೆ ಇನ್ನೊಂದು ಗಂಡು ನಮ್ಮ ಹೊಸ್ತಿಲು ತುಳಿಯಲಿಲ್ಲ. ಮುಂದೆ ಮದುವೆಯೂ ಆಯಿತು. ಆ ಕಥೆ ಬೇಡ, ನನ್ನ ಗಂಡ ಇದನ್ನು ಓದುತ್ತಾರೆ.

ಓದು ಮುಗಿದ ಮೇಲೆ ಬಿಡದಿಯ ಕಾರ್ಖಾನೆಯೊಂದರಲ್ಲಿ ನನಗೆ ದುಭಾಷಿಯ ಕೆಲಸ ಸಿಕ್ಕಿತು. ಜಪಾನಿನಿಂದ ಬಂದ ಎಂಜಿನಿಯರ್ ಒಬ್ಬರ ಮಾತನ್ನು ಕೆಲಸಗಾರರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಒಂದು ದಿನ ಅವರೊಂದಿಗೆ ಹೊಸದೊಂದು ವಿಭಾಗಕ್ಕೆ ಹೋದರೆ, ಎದುರಿಗೆ ಹಣೆ ಒರೆಸಿಕೊಳ್ಳುತ್ತಾ ನಂಜುಂಡ! ಗುರುತು ಹಿಡಿದು ನಕ್ಕ. “ಓದು ಮುಗೀತಲ್ಲ, ಸದ್ಯ,” ಎಂದ.

ಹೇಳಬೇಕೆಂದು ವರ್ಷಗಟ್ಟಲೆ ಜೋಡಿಸಿಟ್ಟಿದ್ದ ಮಾತು ಗಂಟಲಿಗೆ ಬಂತು. ‘ಧನ್ಯವಾದಗಳು’ ಎಂದರೆ ವಾರ್ತೆ ಓದಿದಂತಾಗುತ್ತದೆ. ‘ಥ್ಯಾಂಕ್ಸ್’ ಎಂದರೆ ಚಿಲ್ಲರೆ ಕೊಟ್ಟ ಕಂಡಕ್ಟರಿಗೆ ಹೇಳಿದಂತೆ. ಜಪಾನಿನವರಂತೆ ಸೊಂಟ ಬಗ್ಗಿಸಿದರೆ ಅವನು ಓಡಿಹೋದಾನು. ಕೊನೆಗೆ ನನ್ನ ಬಾಯಿಂದ ಬಂದದ್ದು, “ಊಟ ಆಯ್ತಾ?”

“ಆಯ್ತು. ನಿಮ್ದು?”

“ಆಯ್ತು.”

ಕ್ಯಾಂಟೀನಿನ ಬಾಗಿಲೇ ಇನ್ನೂ ತೆರೆದಿರಲಿಲ್ಲ.

ಎಂಜಿನಿಯರ್ ಕುತೂಹಲದಿಂದ, ಏನು ಮಾತಾಡಿದಿರಿ ಎಂದು ಕೇಳಿದರು. ಇವರು ನನಗೆ ಬಹಳ ದೊಡ್ಡ ಉಪಕಾರ ಮಾಡಿದವರು, ಅದಕ್ಕೆ ಕೃತಜ್ಞತೆ ಹೇಳಿದೆ ಎಂದೆ. ಅವರು ಗಂಭೀರವಾಗಿ ನಂಜುಂಡನಿಗೆ ಸೊಂಟ ಬಗ್ಗಿಸಿ ವಂದಿಸಿದರು. ನಂಜುಂಡ ಗಾಬರಿಯಿಂದ ಅವರಿಗಿಂತ ಹೆಚ್ಚು ಬಗ್ಗಿ, “ಮೇಡಂ, ಏನಂತೆ ಇವ್ರಿಗೆ?” ಎಂದು ಕೇಳಿದ. ಎರಡು ಭಾಷೆ ಬಲ್ಲ, ಸಂಬಳ ತೆಗೆದುಕೊಳ್ಳುವ ದುಭಾಷಿ ನಾನು. “ಏನಿಲ್ಲ, ಊಟ ಆಯ್ತಾ ಅಂತ ಕೇಳ್ತಿದ್ದಾರೆ,” ಎಂದುಬಿಟ್ಟೆ.