‘ಆರಾಮಿಲ್ಲ’ ಮತ್ತು ನನ್ನ ಅನಿಸಿಕೆ

ಓದಿದ ಕಾದಂಬರಿಯ ಬಗ್ಗೆ ಅನಿಸಿಕೆ ಹೇಳುವುದು ಒಂದು ಚಟ. ಸಿಗರೇಟಿನ ಹಾಗೆ ಇದರಲ್ಲೂ ತೊಂದರೆ ಪಕ್ಕದಲ್ಲಿ ಕೂತವರಿಗೇ ಹೆಚ್ಚು. ನನಗೆ ಇದು ಅಂಟಿಕೊಂಡದ್ದು ನಿವೃತ್ತಿಯ ನಂತರ. ಅದಕ್ಕೆ ಮೊದಲು ಮೂವತ್ತು ವರ್ಷ ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಕರಡು ತಿದ್ದುವವನು ಓದುವುದಿಲ್ಲ, ಅಕ್ಷರಗಳನ್ನು ನೋಡುತ್ತಾನೆ. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಒತ್ತಕ್ಷರ ಸರಿಮಾಡಿ, ಕಲ್ಯಾಣ ಮಂಟಪದ ವಿಳಾಸಕ್ಕೆ ಒಂದು ಅಲ್ಪವಿರಾಮ ಹಾಕಿ ಕಳಿಸಿದ್ದೆ. ಅದು ನನ್ನ ಸ್ವಂತ ಸೋದರತ್ತೆಯ ಮೊಮ್ಮಗನ ಮದುವೆ ಎಂದು ತಿಳಿದದ್ದು, ಯಾಕೋ ಬರಲಿಲ್ಲ ಎಂದು ಅತ್ತೆ ಫೋನಿನಲ್ಲಿ ಗದರಿದಾಗ. ಅಲ್ಪವಿರಾಮ ಮಾತ್ರ ಸರಿಯಾದ ಜಾಗದಲ್ಲೇ ಇತ್ತು ಎಂದು ಹೇಳಲು ಹೊರಟೆ. ಅವರು ಫೋನು ಇಟ್ಟುಬಿಟ್ಟರು.

ಈಗ ಬಸವೇಶ್ವರನಗರದ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಆರೇಳು ಮಂದಿ ಸೇರುತ್ತೇವೆ. ವಾರಕ್ಕೊಬ್ಬರು ಒಂದು ಕಾದಂಬರಿ ಓದಿಕೊಂಡು ಬಂದು ಹತ್ತು ನಿಮಿಷ ಅನಿಸಿಕೆ ಹೇಳಬೇಕು, ಆಮೇಲೆ ಎಲ್ಲರೂ ಹೋಗಿ ಇಡ್ಲಿ ತಿನ್ನಬೇಕು. ಇಡ್ಲಿಯ ಬಗ್ಗೆ ನಮ್ಮಲ್ಲಿ ಎದ್ದಷ್ಟು ವಾಗ್ವಾದ ಯಾವ ಕಾದಂಬರಿಯ ಬಗ್ಗೆಯೂ ಎದ್ದದ್ದಿಲ್ಲ. ಯಾರು ಏನು ಹೇಳಿದರೂ ನಮ್ಮ ಹಿರಿಯರಾದ ಪುಟ್ಟಸ್ವಾಮಯ್ಯನವರು ‘ಬಹಳ ಆಳವಾಗಿ ಹೇಳಿದಿರಿ’ ಎನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವ ಆಸೆಗೇ ನಾನು ಈ ಮೂರು ತಿಂಗಳಲ್ಲಿ ನಾಲ್ಕು ಕಾದಂಬರಿ ಮುಗಿಸಿದ್ದೇನೆ. ಮನೆಯಲ್ಲಿ ಹೇಳುವವರು ಕೇಳುವವರು ಇರಲಿಲ್ಲ ಎಂಬುದೂ ಒಂದು ಅನುಕೂಲ. ನನ್ನ ಹೆಂಡತಿ ವನಜ ಮಗಳ ಬಾಣಂತನಕ್ಕೆಂದು ಕೆಂಗೇರಿ ಉಪನಗರದಲ್ಲಿದ್ದಾಳೆ.

ಮೊದಲನೆಯದರಲ್ಲಿ ಒಂದೇ ಮನೆತನದ ನಾಲ್ಕು ತಲೆಮಾರು, ಅದರಲ್ಲಿ ಮೂವರಿಗೆ ಒಂದೇ ಹೆಸರು. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ವಂಶವೃಕ್ಷ ಬರೆದುಕೊಂಡು ಓದಿದೆ. ಕೊನೆಗೆ ಯಾರು ಯಾರ ಮಗ ಎಂಬುದು ಚೆನ್ನಾಗಿ ಗೊತ್ತಾಯಿತು, ಏನು ನಡೆಯಿತು ಎಂಬುದು ಗೊತ್ತಾಗಲಿಲ್ಲ. ಎರಡನೆಯದರಲ್ಲಿ ನಾಯಕ ಕಿಟಕಿಯ ಬಳಿ ನಿಂತು ನಲವತ್ತು ಪುಟ ಯೋಚಿಸುತ್ತಾನೆ. ಅಷ್ಟರಲ್ಲಿ ನನ್ನ ಹಾಲು ಎರಡು ಸಲ ಉಕ್ಕಿತು. ನಮ್ಮ ಮನೆಯ ಕಿಟಕಿಯಲ್ಲಿ ನಿಂತಿದ್ದರೆ ಕಸದ ಆಟೋದ ಹಾಡಿಗೆ ಅವನ ಯೋಚನೆ ಎರಡೇ ಪುಟಕ್ಕೆ ಮುಗಿಯುತ್ತಿತ್ತು. ಮೂರನೆಯದು ಪ್ರೇಮಕಥೆ. ಎಷ್ಟೋ ವರ್ಷದ ಮೇಲೆ ಬಸ್‌ಸ್ಟಾಪಿನಲ್ಲಿ ಎದುರಾದ ಆ ಇಬ್ಬರು ಬೇರೇನೂ ಮಾತಾಡದೆ ‘ಊಟ ಆಯ್ತಾ?’ ‘ಆಯ್ತು’ ಎಂದು ಬೇರೆ ಬೇರೆ ಬಸ್ಸು ಹತ್ತುತ್ತಾರೆ. ನಾನು ಗಳಗಳನೆ ಅತ್ತೆ. ಭಾನುವಾರ ಪಾರ್ಕಿನಲ್ಲಿ ಮಾತ್ರ ಗಂಟಲು ಸರಿಪಡಿಸಿಕೊಂಡು ‘ಭಾವುಕತೆ ತುಸು ಹೆಚ್ಚಾಯಿತೇನೋ’ ಎಂದೆ. ಪುಟ್ಟಸ್ವಾಮಯ್ಯನವರು ಆಳವಾಗಿದೆ ಎಂದರು.

ನಾಲ್ಕನೆಯದೇ ನನ್ನನ್ನು ಹಳ್ಳಕ್ಕೆ ಹಾಕಿದ್ದು. ಅದು ಉತ್ತರ ಕರ್ನಾಟಕದ ಒಂದು ಮನೆಯ ಕಥೆ, ಇಡೀ ಪುಸ್ತಕ ಆ ಕಡೆಯ ಮಾತಿನಲ್ಲೇ ಇದೆ. ‘ಮನಿ’, ‘ಆಕಿ’ ಎಂಬುದನ್ನೆಲ್ಲ ಕಂಡಾಗ ನನ್ನ ಬೆರಳು ತಾನಾಗಿಯೇ ಪೆನ್ಸಿಲಿಗೆ ಹೋಗುತ್ತಿತ್ತು. ಹತ್ತು ಪುಟದೊಳಗೆ ಎರಡು ಕಡೆ ತಿದ್ದಿಯೂ ಬಿಟ್ಟಿದ್ದೆ, ಆಮೇಲೆ ನಾಚಿಕೊಂಡು ಅಳಿಸಿದೆ. ಕಥೆಯಲ್ಲಿ ಒಬ್ಬ ತಾಯಿ. ನೀರು ಹೊರುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನಡುನಡುವೆ ‘ಆರಾಮಿಲ್ಲ’ ಎನ್ನುತ್ತಾಳೆ. ನೂರಾ ನಲವತ್ತನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತಾಳೆ. ನನಗೆ ಸಿಟ್ಟು ಬಂತು. ‘ಹೆಣ್ಣಿಗೆ ದುಡಿತದಿಂದ ಬಿಡುವಿಲ್ಲ, ಆರಾಮವಿಲ್ಲ ಎಂಬುದನ್ನು ಲೇಖಕರು ಸೊಗಸಾಗಿ ತಂದಿದ್ದಾರೆ. ಆದರೆ ಆ ಸಾವು ಏಕಾಏಕಿ ಬಂತು, ಹಿಂದೆಲ್ಲೂ ಒಂದು ಸುಳಿವಿಲ್ಲ, ಇದು ರಚನೆಯ ದೋಷ’ ಎಂದು ಪಾರ್ಕಿನಲ್ಲಿ ಘೋಷಿಸಿದೆ. ಆ ದಿನ ಪುಟ್ಟಸ್ವಾಮಯ್ಯನವರು ಚಪ್ಪಾಳೆಯನ್ನೂ ತಟ್ಟಿದರು.

ನಮ್ಮ ಮಹಡಿಯ ಬಾಡಿಗೆ ಮನೆಯಲ್ಲಿ ಮಹಾದೇವಿ ಎಂಬಾಕೆ ಇದ್ದಾರೆ. ಬಾಗಲಕೋಟೆ ಕಡೆಯವರು, ಊರು ಬಿಟ್ಟು ಬಂದು ನಾಲ್ಕು ತಿಂಗಳಾಗಿದೆ. ಗಂಡ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಟುಬಿಡುತ್ತಾರೆ. ವನಜ ಇಲ್ಲದ ಮೇಲೆ ವಾರಕ್ಕೆರಡು ದಿನ ಜೋಳದ ರೊಟ್ಟಿ, ಎಣ್ಣೆಗಾಯಿ ತಂದುಕೊಟ್ಟು, ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲುತ್ತಿದ್ದರು. ‘ಹೇಗಿದೀರಮ್ಮ?’ ಎಂದರೆ ‘ಆರಾಮಿಲ್ರಿ ಸರ’ ಎನ್ನುತ್ತಿದ್ದರು. ನಾನು ತಟ್ಟೆ ಇಸಿದುಕೊಳ್ಳುತ್ತ ‘ಬೆಂಗಳೂರಲ್ಲಿ ಯಾರಿಗಮ್ಮ ಆರಾಮ!’ ಎಂದು ನಗುತ್ತಿದ್ದೆ. ಒಂದು ದಿನ ಕಿಟಕಿಯ ನಾಯಕನ ಪ್ರಭಾವದಲ್ಲಿದ್ದೆ ಎಂದು ಕಾಣುತ್ತದೆ, ‘ಆರಾಮ ಅನ್ನೋದು ಹೊರಗಿಲ್ಲಮ್ಮ, ನಮ್ಮ ಮನಸ್ಸಿನಲ್ಲಿದೆ’ ಎಂದೂ ಹೇಳಿದ್ದೆ. ಅವರು ‘ಹೌದ್ರಿ’ ಎಂದು ಮೆಟ್ಟಿಲು ಹತ್ತಿ ಹೋಗಿದ್ದರು. ಎಷ್ಟು ವಿನಯವಂತೆ ಎಂದುಕೊಂಡಿದ್ದೆ.

ಅವರ ಕಡೆಯ ಮಾತಿನ ಪುಸ್ತಕವಲ್ಲವೇ ಎಂದು ಆ ಕಾದಂಬರಿಯನ್ನು ಮಹಾದೇವಿಗೆ ಓದಲು ಕೊಟ್ಟೆ. ಮೂರನೆಯ ದಿನ ವಾಪಸು ತಂದರು. ಕಣ್ಣು ಕೆಂಪಾಗಿತ್ತು. ನನಗೆ ಹುರುಪು ಬಂತು. ನಿಮ್ಮ ಅನಿಸಿಕೆ ಏನು ಎಂದು ಕೇಳಿ, ಅವರು ಬಾಯಿ ತೆರೆಯುವ ಮೊದಲೇ ನನ್ನದನ್ನು ಪೂರ್ತಿ ಹೇಳಿದೆ. ಏಕಾಏಕಿ ಸಾವು, ಸುಳಿವಿಲ್ಲ, ರಚನೆಯ ದೋಷ.

ಅವರು ನನ್ನ ಮುಖವನ್ನೇ ನೋಡಿದರು. ‘ಏಕಾಏಕಿ ಎಲ್ಲಿ ಬಂತ್ರಿ ಸರ? ಮೊದಲನೇ ಹಾಳಿಯಿಂದನ ಆಕಿ ಆರಾಮಿಲ್ಲ, ಆರಾಮಿಲ್ಲ ಅಂತ ಹೇಳಾಕತ್ತಾಳಲ್ರಿ. ಮನ್ಯಾಗ ಒಬ್ಬರರ ಕೇಳ್ಯಾರೇನ್ರಿ?’

‘ಅದು ಸರಿಯಮ್ಮ, ಪಾಪ, ಬಿಡುವಿಲ್ಲ...’

‘ಬಿಡುವಲ್ರಿ. ಮೈಯಾಗ ಆರಾಮಿಲ್ಲ. ಜಡ್ಡು. ನೀವು ಈ ಕಡಿ ಹುಷಾರಿಲ್ಲ ಅಂತೀರಲ್ರಿ, ಅದ.’

ಮೂವತ್ತು ವರ್ಷ ಕನ್ನಡದ ಅಕ್ಷರ ತಿದ್ದಿದವನು ಬಾಗಿಲಲ್ಲಿ ನಿಂತುಬಿಟ್ಟೆ. ಕಾದಂಬರಿಯ ವಿಷಯ ಆ ಕ್ಷಣವೇ ಮರೆತುಹೋಯಿತು. ಎದುರಿಗಿದ್ದ ಹೆಂಗಸು ಮಾತಾಡುವಾಗ ಏದುಸಿರು ಬಿಡುತ್ತಿದ್ದುದು, ಗೋಡೆ ಹಿಡಿದು ನಿಂತದ್ದು, ಮುಖ ಕಾಗದದ ಹಾಗೆ ಬಿಳಿಚಿಕೊಂಡದ್ದು ಆಗ ಕಂಡಿತು. ‘ಅಮ್ಮಾ, ಹಾಗಾದ್ರೆ ನೀವು ನನಗೆ ಇಷ್ಟು ದಿನ ಹೇಳ್ತಿದ್ದದ್ದು...’ ಎಂದೆ.

ಅವರು ತಲೆ ತಗ್ಗಿಸಿ ಸಣ್ಣಗೆ ನಕ್ಕರು. ‘ಹೂಂರಿ. ಎರಡು ತಿಂಗಳಾತು. ತಲಿ ತಿರಗತೈತಿ, ಮೆಟ್ಟಿಲ ಹತ್ತಿದ್ರ ಎದಿ ಬಡ್ಕೋತೈತಿ. ಇವರನ್ನ ಕೇಳಿದ್ರ ಊರಿಗೆ ಹೋದಾಗ ತೋರಿಸೋಣ ಅಂತಾರ. ಇಲ್ಲಿ ಯಾವ ಡಾಕ್ಟರು ಛಲೋ ಅದಾರ ಅಂತ ನಿಮ್ಮನ್ನ ಕೇಳಬೇಕಂತ ಬರ್ತಿದ್ದೆರಿ. ಅಷ್ಟರಾಗ ನೀವು ಮತ್ತ ಪುಸ್ತಕ ತಗೀತಿದ್ರಿ. ಆರಾಮ ಮನಸ್ಸಿನ್ಯಾಗ ಐತಿ ಅಂದ್ರಿ. ದೊಡ್ಡವರು ಹೇಳ್ಯಾರ ಅಂತ ನಾನೂ ಮನಸ್ಸು ಗಟ್ಟಿ ಮಾಡ್ಕೊಂಡೆ.’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಟ್ಟು, ನಾಚಿಕೆ, ಹೆದರಿಕೆ ಎಲ್ಲ ಒಟ್ಟಿಗೆ ಬಂದವು. ಅವರ ರೊಟ್ಟಿ ತಿಂದು ಅವರಿಗೇ ವೇದಾಂತ ಹೇಳಿದ್ದೆ. ಆಟೋ ಕರೆದು ಮುಖ್ಯರಸ್ತೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ ಎಂದು ಬೈದರು. ಇಂಜೆಕ್ಷನ್ನು, ಮಾತ್ರೆ ಬರೆದುಕೊಟ್ಟು, ವಾಸಿಯಾಗುತ್ತೆ, ಆದರೆ ಇನ್ನೂ ತಡ ಮಾಡಿದ್ದರೆ ಆಸ್ಪತ್ರೆ ಸೇರಬೇಕಾಗುತ್ತಿತ್ತು ಎಂದರು. ‘ಎರಡು ತಿಂಗಳಿಂದ ಸುಮ್ನಿದ್ರಾ? ಹತ್ತಿರದವರು ಯಾರಿಗೂ ಹೇಳ್ಲಿಲ್ವಾ?’ ಎಂದು ಕೇಳಿದಾಗ ನಾನು ಗೋಡೆಯ ಮೇಲಿದ್ದ ಹಲ್ಲುಜ್ಜುವ ಕ್ರಮದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮಹಾದೇವಿ ಮೆಲ್ಲಗೆ, ‘ನನಗ ಸರಿಯಾಗಿ ಹೇಳಾಕ ಬರಲಿಲ್ರಿ’ ಎಂದರು. ನನ್ನ ಮಾನ ಉಳಿಸಲು ಹಾಗೆ ಅಂದದ್ದು. ನನ್ನ ಕಣ್ಣು ತುಂಬಿ ಬಂತು. ಈ ಸಲ ಭಾವುಕತೆ ಹೆಚ್ಚಾಯಿತು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಈಗ ಮಹಾದೇವಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತುತ್ತಾರೆ. ಕ್ಲಿನಿಕ್ಕಿಗೆ ಹೋಗಿಬಂದ ವಾರದ ಭಾನುವಾರವೇ ನಾನು ಪಾರ್ಕಿನಲ್ಲಿ ಎದ್ದು ನಿಂತು, ಆ ಕಾದಂಬರಿಯಲ್ಲಿ ದೋಷವಿಲ್ಲ, ದೋಷ ಓದಿದವನದು, ಆ ಮನೆಯವರ ಜೊತೆ ನಾನೂ ಒಬ್ಬ ಕಿವುಡನಾಗಿದ್ದೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ಪುಟ್ಟಸ್ವಾಮಯ್ಯನವರು ಆಳದ ಮಾತೆತ್ತದೆ, ‘ಆಯಮ್ಮ ಈಗ ಹೇಗಿದಾರೆ?’ ಎಂದಷ್ಟೇ ಕೇಳಿದರು.

ತಪ್ಪೊಪ್ಪಿಕೊಂಡವನಿಗೆ ಒಂದು ಬಗೆಯ ಜಂಬ ಬರುತ್ತದೆ. ಅದೇ ಜಂಬದಲ್ಲಿ ಮನೆಗೆ ಬಂದು ವನಜಳಿಗೆ ಫೋನು ಮಾಡಿ ಕಥೆಯನ್ನೆಲ್ಲ ಹೇಳಿದೆ. ಮಾತು ಒಂದೇ ಆದರೂ ಊರಿಂದೂರಿಗೆ ಅರ್ಥ ಹೇಗೆ ಬದಲಾಗುತ್ತದೆ, ನಾವು ಹೇಗೆ ಕಿವಿಗೊಟ್ಟು ಕೇಳಬೇಕು ಎಂದೆಲ್ಲ ವಿವರಿಸಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: ‘ಅವರದು ಬಾಗಲಕೋಟೆ ಮಾತು, ನಿಮಗೆ ಗೊತ್ತಾಗ್ಲಿಲ್ಲ, ಒಪ್ಕೋತೀನಿ. ನಾನು ಚನ್ನಪಟ್ಟಣದವಳು. ಮಂಡಿ ನೋವು, ಕೂತ್ರೆ ಏಳಕ್ಕಾಗ್ತಿಲ್ಲ ಅಂತ ಇಪ್ಪತ್ತು ದಿನದಿಂದ ಫೋನಲ್ಲಿ ಹೇಳ್ತಾ ಇದೀನಿ. ಅದು ಯಾವ ದೇಶದ ಭಾಷೆ?’

ಮಂಡಿ ನೋವೇ? ನಾನು ನಿಜಕ್ಕೂ ಮೊದಲ ಸಲ ಕೇಳುತ್ತಿದ್ದೆ. ಆದರೂ ಮೂವತ್ತೈದು ವರ್ಷದ ದಾಂಪತ್ಯದ ಅಭ್ಯಾಸ ಎಲ್ಲಿ ಹೋಗುತ್ತದೆ? ‘ಗೊತ್ತು ಕಣೇ, ಕೇಳಿಸ್ಕೊಂಡಿದೀನಿ’ ಎಂದುಬಿಟ್ಟೆ.

‘ಹೌದಾ? ಯಾವ ಮಂಡಿ, ಹೇಳಿ ನೋಡೋಣ?’

ದೇವರ ಮೇಲೆ ಭಾರ ಹಾಕಿ ‘ಎಡಗಡೇದು’ ಎಂದೆ.

‘ಎರಡೂ ಕಣ್ರೀ’ ಎಂದಳು ವನಜ.