ಮೈನಸ್ ಒಂದರ ಜೊತೆ ಚೌಕಾಸಿ

ಒಂದು ಮೈನಸ್ ಗುರುತು ಅಳಿಸಿದ್ದಕ್ಕೆ ನಾನು ತೆತ್ತ ಬೆಲೆ ಶಾರದಮ್ಮ. ಹಿನಕಲ್‌ನ ನಮ್ಮ ಶೆಡ್ಡಿನಲ್ಲಿ ತಯಾರಾಗುವ ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ಹನ್ನೊಂದು ವರ್ಷ ಪ್ರೋಗ್ರಾಮ್ ಬರೆದಾಕೆ. ಕಾರಣ, ಚೌಕಾಸಿಯಿಲ್ಲದೆ ಏನನ್ನೂ ಒಪ್ಪದ ನನ್ನ ಜಾಯಮಾನ. ಸೋಲ್ಡರಿಂಗ್ ಮಾಡುತ್ತ ಮೇಲೆ ಬಂದವನು. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ದರ ಇಳಿಸಿದವನು. ಪ್ರೋಗ್ರಾಮ್ ಬರೆಯುವ ಸಿ ಭಾಷೆಯನ್ನೂ ಅಷ್ಟಿಷ್ಟು ಕಲಿತೆ, ಅದೇ ತಪ್ಪಾಯಿತು.

ತಕ್ಕಡಿಯ ಲೆಕ್ಕವೆಲ್ಲ ಗ್ರಾಮಿನಲ್ಲಿ. ಆ ಅಂಕಿ ಕೂರುವ ಜಾಗಕ್ಕೆ ‘ಇಂಟ್’ ಎಂದು ಹೆಸರು. ನಮ್ಮ ಚಿಪ್ಪಿನಲ್ಲಿ ಅದು ನಾಲ್ಕು ಬೈಟು. ನಾಳೆ ಬೇರೆ ಚಿಪ್ಪು ಬಂದು ಜಾಗ ಕಿರಿದಾದರೆ? ಅದಕ್ಕೆಂದು ಶಾರದಮ್ಮ ಒಂದು ಸಾಲು ಕಾವಲಿಟ್ಟಿದ್ದರು: ಇಂಟ್ ನಾಲ್ಕು ಬೈಟಿದ್ದರೆ ಒಂದು ಖಾನೆಯ ಅರೇ, ಅಂದರೆ ಖಾನೆಗಳ ಸಾಲು, ಮಾಡು, ಇಲ್ಲದಿದ್ದರೆ ಮೈನಸ್ ಒಂದು ಖಾನೆಯದು. ಮೈನಸ್ ಒಂದು ಖಾನೆಯನ್ನು ಯಾರು ಕಟ್ಟಿಯಾರು? ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ಇಳಿಸುವ ಕಂಪೈಲರ್ ಅಲ್ಲೇ ಮುಷ್ಕರ ಹೂಡುತ್ತದೆ. ತಪ್ಪು ತಕ್ಕಡಿಯವರೆಗೆ ಹೋಗುವುದೇ ಇಲ್ಲ. “ಹೊಸ ಕಂಪೈಲರಲ್ಲಿ ಇದಕ್ಕೇ ಅಂತ ಬೇರೆ ಪದ ಇದೆ ಸಾರ್. ಹಳೇವಕ್ಕೆ ಗೊತ್ತಾಗಲ್ಲ. ಇದಾದ್ರೆ ಎಲ್ಲಕ್ಕೂ ಅರ್ಥ ಆಗುತ್ತೆ,” ಎಂದಿದ್ದರು.

ನಾನು ಅರ್ಧ ಬೆಲೆಗೆ ಬೇರೊಂದು ಚಿಪ್ಪು ಕುದುರಿಸಿ ತಂದೆ. ಶಾರದಮ್ಮ ವಿಜಯನಗರದಲ್ಲಿ ತಂಗಿಯ ಗೃಹಪ್ರವೇಶಕ್ಕೆ ಹೋಗಿದ್ದರು. ನಾನೇ ಕಂಪೈಲ್ ಮಾಡಿದೆ. ‘ಅರೇಯ ಅಳತೆ ಮೈನಸ್’ ಎಂದು ನಿಂತಿತು. ಫೋನ್ ಮಾಡಿದರೆ, “ಮುಟ್ಬೇಡಿ ಸಾರ್, ಸೋಮವಾರ ಬಂದ್ಬುಡ್ತೀನಿ,” ಎಂದರು. ಸೋಮವಾರದವರೆಗೆ ಕಾಯುವ ಆಸಾಮಿಯೇ ನಾನು? ಮೈನಸ್ ತೆಗೆದೆ. ಕಂಪೈಲರ್ ತೆಪ್ಪಗಾಯಿತು. ಮನೆಯ ಹತ್ತು ಕೆಜಿ ಅಕ್ಕಿ ಚೀಲ ಇಟ್ಟು ನೋಡಿದೆ, ಸರಿಯಾಗಿಯೇ ತೂಗಿತು. ಕಂಪೈಲರನ್ನೂ ಬಗ್ಗಿಸಿದೆನೆಂದು ಬೀಗಿ, ಸೋಮವಾರಕ್ಕೆ ಮೊದಲೇ ತಕ್ಕಡಿಗಳನ್ನು ಮಾರಿಬಿಟ್ಟೆ.

ಹೊಸ ಚಿಪ್ಪಿನ ಇಂಟ್ ಎರಡೇ ಬೈಟು, ಅದಕ್ಕೆ ಮೂವತ್ತೆರಡು ಕೆಜಿ ಚಿಲ್ಲರೆ ದಾಟಿದರೆ ತಲೆ ತಿರುಗುತ್ತದೆಂದು ತಿಳಿದದ್ದು ಈರುಳ್ಳಿ ಮಂಡಿಯವರು ತಕ್ಕಡಿ ಹೊತ್ತುಕೊಂಡು ಬಂದಾಗ. “ನಲವತ್ತು ಕೆಜಿ ಮೂಟೆ ಇಟ್ರೆ ಮೈನಸ್ ಇಪ್ಪತ್ತೈದೂವರೆ ಅಂತದೆ ಕಣ್ರೀ! ಗಿರಾಕಿ ‘ಈರುಳ್ಳೀನೂ ಕೊಡಿ, ದುಡ್ಡೂ ಕೊಡಿ’ ಅಂತ ನಗ್ತಾವ್ನೆ!” ಮಾನ ಉಳಿಸಿಕೊಳ್ಳಲು ನಾನು ಶಾರದಮ್ಮನ ಎದುರಿಗೇ, “ನಮ್ಮ ಪ್ರೋಗ್ರಾಮ್‌ನವರು ಎಡವಟ್ಟು ಮಾಡ್ಬುಟ್ರು,” ಎಂದುಬಿಟ್ಟೆ.

ಮಂಡಿಯವರು ಹೋದ ಮೇಲೆ ಆಕೆ ಪ್ರೋಗ್ರಾಮಿನ ಆ ಸಾಲು ತೆರೆದು ನೋಡಿದರು. ಆಮೇಲೆ, “ನಾನಿಲ್ದಾಗ ನಿಮಗೆ ಹೇಳ್ಲಿ ಅಂತಾನೇ ಆ ಸಾಲು ಬರೆದಿದ್ದೆ ಸಾರ್,” ಎಂದು ಊಟದ ಡಬ್ಬಿ ಎತ್ತಿಕೊಂಡರು. ಜೀವನದಲ್ಲಿ ಮೊದಲ ಸಲ ನಾನೇ ಆಕೆಯ ಸಂಬಳ ಏರಿಸುತ್ತ ಚೌಕಾಸಿ ಮಾಡಿದೆ. ಆಕೆ ಬಗ್ಗಲಿಲ್ಲ, ಕೆಲಸ ಬಿಟ್ಟು ಹೋದರು.

ಅನುಭವಿಸಿದವನು ಹೇಳುತ್ತೇನೆ, ಕೇಳಿ. ಕಂಪೈಲರ್ ನಿಂತರೆ ನೀವೂ ನಿಲ್ಲಿ. ಆ ಅರೇಗೊಂದು ಅರ್ಥವಿರುವ ಹೆಸರಿಡಿ. ತಪ್ಪಾದಾಗ ಪರದೆಯ ಮೇಲೆ ಬರುವುದು ಆ ಹೆಸರೇ. ನಾನು ಮೈನಸ್ಸನ್ನು ಮತ್ತೆ ಹಾಕಿ, ‘ಶಾರದಮ್ಮನನ್ನು ಕೇಳು’ ಎಂದು ಹೆಸರಿಟ್ಟಿದ್ದೇನೆ. ನೀವು ಮಾತ್ರ ಫೋನ್ ಎತ್ತುವವರ ಹೆಸರಿಡಿ.